ಮನೆಯಲ್ಲಿ ಕರೆಂಟು ಉಳಿಸುವುದು, ಕಸ ಕಡಿಮೆ ಮಾಡುವುದು: ಯಾವುದರಿಂದ ನಿಜಕ್ಕೂ ಲಾಭ, ಯಾವುದು ಬರೀ ಸಮಾಧಾನಕ್ಕೆ?

ಮೂರನೇಮಹಡಿ

ಎಲ್ಲರಿಗೂ ನಮಸ್ಕಾರ. ಕರೆಂಟು ಉಳಿಸಿ, ಕಸ ಕಡಿಮೆ ಮಾಡಿ ಎನ್ನುವ ಪಟ್ಟಿಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಎಲ್ಲದರಲ್ಲೂ ಅದೇ ಅದೇ ಮಾತು. ಚಾರ್ಜರ್ ಕಿತ್ತಿಡಿ, ಲೈಟು ಆರಿಸಿ, ಬಟ್ಟೆ ಚೀಲ ಒಯ್ಯಿರಿ. ಬೇಡ ಅಂತಲ್ಲ. ಆದರೆ ಯಾವುದರಿಂದ ಎಷ್ಟು ಉಳಿಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ತೂಕದಲ್ಲಿ ಇರುತ್ತವೆ.

ನಮ್ಮದು ಬಾಡಿಗೆ ಮನೆ. ಗೋಡೆ, ಕಿಟಕಿ ಬದಲಾಯಿಸುವಂತಿಲ್ಲ. ಹೊಸ ಫ್ರಿಜ್, ಹೊಸ ಎಸಿ ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಇದ್ದುದರಲ್ಲೇ ಮೊದಲು ಯಾವುದಕ್ಕೆ ಕೈ ಹಾಕಬೇಕು? ಇನ್ನೊಂದು ವಿಷಯ. ಮನೆಯವರಿಗೆ "ಸ್ವಿಚ್ ಆರಿಸು" ಅಂತ ಕೂಗಿ ಕೂಗಿ ನನಗೂ ಸಾಕಾಗಿದೆ, ಕೇಳಿ ಕೇಳಿ ಅವರಿಗೂ ಸಾಕಾಗಿದೆ. ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ತಂತಿಕಾಯಕ

ಮನೆಯ ಯಂತ್ರಗಳನ್ನು ರಿಪೇರಿ ಮಾಡುವುದೇ ನನ್ನ ಕೆಲಸ. ಯಾವ ಯಂತ್ರ ನೋಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಬಿಸಿ ಅಥವಾ ತಂಪು ಮಾಡುವಂಥದ್ದಾ? ಇದು ಹಗಲೂ ರಾತ್ರಿ ಓಡುತ್ತದಾ? ಎರಡಕ್ಕೂ "ಇಲ್ಲ" ಎಂದಾದರೆ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕ ಹಾಕೋಣ. 1000 ವ್ಯಾಟ್‌ನ ಯಂತ್ರ ಒಂದು ಗಂಟೆ ಓಡಿದರೆ 1 ಯೂನಿಟ್. 10 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಏರಿಸಲು ಸುಮಾರು 0.23 ಯೂನಿಟ್ ಬೇಕು. ಇದು ನೀರಿನ ಗುಣ, ಯಾವ ಕಂಪನಿಯ ಗೀಸರ್ ತಂದರೂ ಇದಕ್ಕಿಂತ ಕಡಿಮೆಯಲ್ಲಿ ಕಾಯಿಲ್ ನೀರು ಕಾಯಿಸಲಾರದು. ಅದೇ 0.23 ಯೂನಿಟ್‌ನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ 25 ಗಂಟೆ ಉರಿಯುತ್ತದೆ. ಷವರ್‌ನಲ್ಲಿ ನಿಮಿಷಕ್ಕೆ 10 ಲೀಟರ್ ಹತ್ತಿರ ಹೋಗುತ್ತದೆ. ಅಂದರೆ ಸ್ನಾನದಲ್ಲಿ ಒಂದು ನಿಮಿಷ ಕಡಿಮೆ ಮಾಡಿದರೂ ಒಂದಿಡೀ ದಿನ ಒಂದು ಬಲ್ಬ್ ಆರಿಸಿದ್ದಕ್ಕಿಂತ ಹೆಚ್ಚು ಉಳಿತಾಯ.

ಇನ್ನು ಚಾರ್ಜರ್. ಈಗಿನ ಮೊಬೈಲ್ ಚಾರ್ಜರ್ ಫೋನ್ ಇಲ್ಲದೆ ಸುಮ್ನೆ ಪ್ಲಗ್‌ನಲ್ಲಿದ್ದರೆ ಎಳೆಯುವುದು ಒಂದು ವ್ಯಾಟ್‌ನ ಸಣ್ಣ ಪಾಲು. 0.2 ವ್ಯಾಟ್ ಅಂತ ಇಟ್ಟುಕೊಳ್ಳಿ. ವರ್ಷವಿಡೀ ಹಾಗೇ ಬಿಟ್ಟರೂ 2 ಯೂನಿಟ್ ಆಗುವುದಿಲ್ಲ. ಏಳೆಂಟು ನಿಮಿಷದ ಬಿಸಿನೀರಿನ ಷವರ್‌ಗೆ ಸಮ. ಕಿತ್ತಿಟ್ಟರೆ ತಪ್ಪೇನಿಲ್ಲ. ಅದಕ್ಕೋಸ್ಕರ ಮನೆಯಲ್ಲಿ ಜಗಳ ಬೇಡ ಅಷ್ಟೆ.

ಹಳೇರೇಡಿಯೋ

ತಂತಿಕಾಯಕ ಸರ್, ಹಾಗಾದರೆ ಸ್ಟ್ಯಾಂಡ್‌ಬೈ ವಿಷಯ ಪೂರ್ತಿ ಸುಳ್ಳಾ? ನಮ್ಮ ಮನೆಯಲ್ಲಿ ರಾತ್ರಿ ಎಲ್ಲ ಕಡೆ ಕೆಂಪು ದೀಪ ಮಿನುಗುತ್ತಿರುತ್ತವೆ. ನೋಡಿದರೇ ಕಿರಿಕಿರಿ.

ತಂತಿಕಾಯಕ

ಸುಳ್ಳಲ್ಲ, ಆದರೆ ಎಲ್ಲಕ್ಕೂ ಒಂದೇ ಅಳತೆ ಹಿಡಿಯಬಾರದು. ಹೊಸ ಟಿವಿಯ ಕೆಂಪು ದೀಪ ಅರ್ಧ ವ್ಯಾಟ್ ಆಸುಪಾಸು. ಬಿಟ್ಟುಬಿಡಿ. ಆದರೆ ಸೆಟ್‌ಟಾಪ್ ಬಾಕ್ಸ್, ಹಳೆಯ ಆಂಪ್ಲಿಫೈಯರ್, ತಟ್ಟನೆ ಆನ್ ಆಗುವ ಸೆಟ್ಟಿಂಗ್‌ನಲ್ಲಿರುವ ಗೇಮ್ ಯಂತ್ರ, ಇವೆಲ್ಲ ರಿಮೋಟ್‌ನಲ್ಲಿ ಆರಿಸಿದ ಮೇಲೂ 10 ವ್ಯಾಟ್‌ವರೆಗೆ, ಕೆಲವು ಅದಕ್ಕೂ ಹೆಚ್ಚು ಎಳೆಯುತ್ತವೆ. 10 ವ್ಯಾಟ್ ಅಂದರೆ ವರ್ಷಕ್ಕೆ 87 ಯೂನಿಟ್. ಇದು ಲೆಕ್ಕಕ್ಕೆ ಬರುವ ಮಾತು.

ಗುರುತಿಸುವುದು ಸುಲಭ. ಆರಿಸಿ ಒಂದೆರಡು ಗಂಟೆ ಬಿಟ್ಟು ಯಂತ್ರದ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅದು ಕರೆಂಟು ತಿನ್ನುತ್ತಿದೆ. ಆ ಬೆಚ್ಚಗೇ ನಿಮ್ಮ ಯೂನಿಟ್.

ಸುಮ್ನೆಓದುಗ

ಒಂದು ಸೇರಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಮೀಟರ್ ಅಂಕಿ ಬರೆದಿಡಿ, ಬೆಳಿಗ್ಗೆ ಎದ್ದ ತಕ್ಷಣ ಇನ್ನೊಮ್ಮೆ ನೋಡಿ. ಎಲ್ಲರೂ ಮಲಗಿದ್ದಾಗ ಓಡಿದ್ದು ಫ್ರಿಜ್, ಫ್ಯಾನು ಅಥವಾ ಎಸಿ, ಮತ್ತೆ ಈ ಸ್ಟ್ಯಾಂಡ್‌ಬೈ ಗುಂಪು. ಫ್ಯಾನಿನ ಲೆಕ್ಕ ಕಳೆದು ನೋಡಿದರೆ ಮನೆ ಸುಮ್ನೆ ಕೂತಾಗ ಎಷ್ಟು ತಿನ್ನುತ್ತದೆ ಅಂತ ಗೊತ್ತಾಗುತ್ತದೆ. ಕಾಸು ಖರ್ಚಿಲ್ಲ, ಯಂತ್ರ ಬೇಡ. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ಸಿಗುತ್ತದೆ, ಯಾರ ಹತ್ತಿರವಾದರೂ ಇದ್ದರೆ ಒಂದು ವಾರ ಎರವಲು ತನ್ನಿ. ಅದನ್ನು ಕೊಂಡು ಇಟ್ಟುಕೊಳ್ಳುವ ಅಗತ್ಯ ಇಲ್ಲ.

ಬಿಸಿಲುಕಿಟಕಿ

ನಮ್ಮಲ್ಲಿ ದೊಡ್ಡ ಬಾಬ್ತು ಎಸಿ. ಮಕ್ಕಳು ಬಂದ ಕೂಡಲೇ 16ಕ್ಕೆ ಇಡುತ್ತಾರೆ. "ಬೇಗ ತಂಪಾಗಲಿ ಅಂತ" ಎನ್ನುತ್ತಾರೆ.

ತಂತಿಕಾಯಕ

ಮೇಡಂ, 16 ಅಂದರೆ "ಇಲ್ಲಿಯವರೆಗೆ ನಿಲ್ಲಬೇಡ" ಅಂತ ಯಂತ್ರಕ್ಕೆ ಹೇಳಿದ ಹಾಗೆ. "ಬೇಗ ಓಡು" ಅಂತಲ್ಲ. ಮಾಮೂಲಿ ಎಸಿಯ ಕಂಪ್ರೆಸರ್‌ಗೆ ಇರುವುದೇ ಒಂದು ವೇಗ. 16 ಇಟ್ಟರೂ 26 ಇಟ್ಟರೂ ಕೋಣೆ 28ರಿಂದ 26ಕ್ಕೆ ಇಳಿಯಲು ಅಷ್ಟೇ ಹೊತ್ತು ಬೇಕು. ಆಮೇಲೂ 16ರ ಕಡೆಗೆ ಓಡುತ್ತಲೇ ಇರುತ್ತದೆ. ಸೆಟ್ಟಿಂಗ್ ಒಂದು ಡಿಗ್ರಿ ಏರಿಸಿದರೆ ಶೇಕಡಾ 5-6ರಷ್ಟು ಉಳಿಯುತ್ತದೆ ಎನ್ನುವುದು ಸಾಮಾನ್ಯ ಅಂದಾಜು.

26ಕ್ಕೆ ಇಟ್ಟು ಫ್ಯಾನು ನಿಧಾನಕ್ಕೆ ಹಾಕಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ. ಹಾಗಾಗಿ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ಓಡಿದರೆ ಮೋಟಾರಿನ ಬಿಸಿ ಕೋಣೆಗೆ ಸೇರುತ್ತದೆ, ಅಷ್ಟೇ ಲಾಭ. ಹಳೆಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ 75 ವ್ಯಾಟ್ ಹತ್ತಿರ ಎಳೆಯುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು 30 ಆಸುಪಾಸು. ಹಳೆಯದು ಕೆಟ್ಟಾಗ ಬದಲಾಯಿಸಿ, ಓಡುತ್ತಿರುವುದನ್ನು ಬಿಚ್ಚಿ ಎಸೆಯಬೇಡಿ. ಆದರೆ ಒಂದೇ ಫ್ಯಾನು ದಿನಕ್ಕೆ ಹದಿನೈದು ಗಂಟೆ ಓಡುವ ಮನೆಯಾದರೆ ಬೇಗ ಬದಲಾಯಿಸಿದರೂ ನಷ್ಟವಿಲ್ಲ.

ಮತ್ತೆ ನಿಮ್ಮ ಹೆಸರೇ ಬಿಸಿಲುಕಿಟಕಿ! ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ. ಚಾಪೆ, ಪರದೆ, ಗಿಡದ ಬಳ್ಳಿ, ಏನಾದರೂ ಸರಿ. ಒಳಗಿನ ಕರ್ಟನ್‌ಗೆ ಬಿಸಿಲು ಬಿದ್ದರೆ ಕರ್ಟನ್ ಕಾಯುತ್ತದೆ, ಆ ಕಾವು ಆಗಲೇ ಮನೆಯೊಳಗೆ ಬಂದಾಯಿತು.

ಅಡುಗೆಮನೆಸೌಟು

ನೀವೆಲ್ಲ ಎಸಿ, ಟಿವಿ ಅಂತ ಮಾತಾಡುತ್ತಿದ್ದೀರಿ. ಅಡುಗೆಮನೆಗೆ ಬನ್ನಿ ಸ್ವಲ್ಪ.

ನೀರು ಕುದಿಯಲು ಶುರುವಾದ ಮೇಲೆ ಉರಿ ದೊಡ್ಡದಿಟ್ಟರೆ ಅಡುಗೆ ಬೇಗ ಆಗುವುದಿಲ್ಲ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದೇ ಇಲ್ಲ. ಹೆಚ್ಚಿನ ಉರಿ ನೀರನ್ನು ಆವಿ ಮಾಡಿ ಹೊರಗೆ ಕಳಿಸುತ್ತದೆ. ಆದ್ದರಿಂದ ಮುಚ್ಚಳ ಹಾಕಿ, ಕುದಿ ಬಂದ ಕೂಡಲೇ ಉರಿ ಇಳಿಸಿ. ಕುಕ್ಕರ್ ಗುಟ್ಟೂ ಇದೇ. ಒತ್ತಡದಿಂದ ಒಳಗಿನ ನೀರು 120 ಡಿಗ್ರಿ ಹತ್ತಿರ ಹೋಗುತ್ತದೆ, ಅದಕ್ಕೇ ಬೇಗ ಬೇಯುತ್ತದೆ. ಅದರಲ್ಲೂ ಒತ್ತಡ ಬಂದ ಮೇಲೆ ಸಣ್ಣ ಉರಿ ಸಾಕು. ಒಂದೇ ಸಮನೆ ಆವಿ ಚಿಮ್ಮುತ್ತಿದ್ದರೆ ಇಂಧನ ಹೋಗುತ್ತಿದೆ ಅಂತಲೇ ಅರ್ಥ.

ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಏರಬಾರದು. ಕಾಳುಗಳನ್ನು ರಾತ್ರಿಯೇ ನೆನೆಸಿಡಿ. ಇಬ್ಬರಿಗೆ ಟೀ ಬೇಕಾದರೆ ಇಬ್ಬರಿಗಾಗುವಷ್ಟೇ ನೀರಿಡಿ, ಕೆಟಲ್ ತುಂಬಾ ಯಾಕೆ?

ಅರ್ಧಚಂದ್ರ

ಇಂಡಕ್ಷನ್ ಒಲೆ ಒಳ್ಳೆಯದಾ ಗ್ಯಾಸ್ ಒಳ್ಳೆಯದಾ? ನಮ್ಮ ಮನೆಯಲ್ಲಿ ಇದೇ ದೊಡ್ಡ ಚರ್ಚೆ.

ತಂತಿಕಾಯಕ

ಪಾತ್ರೆಗೆ ತಲುಪುವ ಶಾಖ ಮಾತ್ರ ನೋಡಿದರೆ ಇಂಡಕ್ಷನ್ ಮುಂದೆ. ನೂರರಲ್ಲಿ 85ರ ಹತ್ತಿರ ಪಾತ್ರೆಗೆ ಹೋಗುತ್ತದೆ, ಗ್ಯಾಸ್‌ನಲ್ಲಿ ಅರ್ಧದಷ್ಟು ಪಕ್ಕಕ್ಕೆ ಹೋಗುತ್ತದೆ. ಆದರೆ ಆ ಕರೆಂಟು ಕಲ್ಲಿದ್ದಲಿನಿಂದ ಬಂದಿದ್ದರೆ ಅಲ್ಲಿ ಆಗಲೇ ಅರ್ಧಕ್ಕಿಂತ ಹೆಚ್ಚು ಶಾಖ ಕಳೆದುಹೋಗಿರುತ್ತದೆ. ಬಿಸಿಲು, ಗಾಳಿ, ನೀರಿನಿಂದ ಬಂದಿದ್ದರೆ ಲೆಕ್ಕವೇ ಬೇರೆ. ನಿಮ್ಮ ಕರೆಂಟು ಎಲ್ಲಿಂದ ಬರುತ್ತದೆ ಅಂತ ತಿಳಿಯದೆ ಇದಕ್ಕೆ ಒಂದೇ ಉತ್ತರ ಇಲ್ಲ. ಒಲೆಯ ಜಗಳ ಬಿಟ್ಟು ಮುಚ್ಚಳ ಹಾಕಿ, ಎರಡರಲ್ಲೂ ಉಳಿಯುತ್ತದೆ.

ಹಳೇರೇಡಿಯೋ

ಫ್ರಿಜ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹಗಲೂ ರಾತ್ರಿ ಓಡುವುದು ಅದೇ ಅಲ್ವಾ?

ತಂತಿಕಾಯಕ

ಸರಿಯಾಗಿ ನೆನಪಿಸಿದಿರಿ. ಒಳಗೆ 4 ಡಿಗ್ರಿ ಸಾಕು, ಫ್ರೀಜರ್‌ನಲ್ಲಿ ಮೈನಸ್ 18. ಬಹಳ ಮನೆಗಳಲ್ಲಿ ಸುಮ್ನೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟಿರುತ್ತಾರೆ.

ಬಾಗಿಲ ರಬ್ಬರ್ ನೋಡಿ. ಒಂದು ಕಾಗದ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ. ಹೆಚ್ಚಿನ ಸಲ ರಬ್ಬರ್ ಹಾಳಾಗಿರುವುದಿಲ್ಲ, ಜಿಡ್ಡು ಕೂತಿರುತ್ತದೆ. ಸೋಪು ನೀರಿನಲ್ಲಿ ಒರೆಸಿದರೆ ಮತ್ತೆ ಹಿಡಿಯುತ್ತದೆ. ಹಿಂದೆ ಕಪ್ಪು ಜಾಲರಿ ಇದ್ದರೆ, ಪ್ಲಗ್ ತೆಗೆದು ಧೂಳು ಹೊಡೆಯಿರಿ. ಫ್ರಿಜ್ ತನ್ನೊಳಗಿನ ಕಾವನ್ನು ಹೊರಗೆ ಹಾಕುವುದು ಅಲ್ಲಿಂದಲೇ. ಗೋಡೆಗೆ ಒತ್ತಿ ನಿಲ್ಲಿಸಿದರೆ ಹಾಕಲು ಜಾಗವೆಲ್ಲಿ? ಫ್ರೀಜರ್‌ನಲ್ಲಿ ಮಂಜು ದಪ್ಪಗೆ ಕಟ್ಟಲು ಬಿಡಬೇಡಿ.

ಬಿಸಿ ಅಡುಗೆ ನೇರ ಒಳಗಿಡಬೇಡಿ. ಹಾಗಂತ ರಾತ್ರಿಯಿಡೀ ಹೊರಗೂ ಬಿಡಬೇಡಿ. ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ಬೇಗ ಆರಲು ಅಗಲ ಪಾತ್ರೆಗೆ ಹಾಕಿ.

ಹೊಸ ಫ್ರಿಜ್ ತಂದ ಮೇಲೆ ಹಳೆಯದನ್ನು ಮೂಲೆಯಲ್ಲಿ "ನೀರಿನ ಬಾಟಲಿಗೆ ಇರಲಿ" ಅಂತ ಓಡಿಸುವವರಿದ್ದಾರೆ. ಉಳಿತಾಯದ ಯಂತ್ರ ತಂದು ಖರ್ಚು ಜಾಸ್ತಿ ಮಾಡಿಕೊಳ್ಳುವುದು ಅಂದರೆ ಇದೇ.

ಅರ್ಧಚಂದ್ರ

ಇದೇ ನನ್ನ ಅನುಮಾನ ಕೂಡ. 1865ರಲ್ಲೇ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಬ್ರಿಟನ್ನಿನ ಕಲ್ಲಿದ್ದಲಿನ ಬಗ್ಗೆ ಇದನ್ನೇ ಹೇಳಿದ್ದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದಾಗ ಕಲ್ಲಿದ್ದಲು ಉಳಿಯಲಿಲ್ಲ. ಎಲ್ಲರೂ ಯಂತ್ರ ಇಟ್ಟರು, ಒಟ್ಟು ಬಳಕೆ ಏರಿತು. ಎಲ್‌ಇಡಿಯೂ ಹಾಗೇ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೋ, ನಕಾಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಅದರಿಂದಲೇ ಬಿಳಿ ಎಲ್‌ಇಡಿ ದೀಪ ಬಂದದ್ದು. 60 ವ್ಯಾಟ್‌ನ ಹಳೆ ಬಲ್ಬ್ ಕೊಡುತ್ತಿದ್ದ ಬೆಳಕನ್ನು 9 ವ್ಯಾಟ್‌ನಲ್ಲಿ ಕೊಡುತ್ತದೆ. ಈಗ ನೋಡಿ, ಸೀಲಿಂಗ್ ತುಂಬಾ ಚುಕ್ಕಿ ದೀಪ, ಮೆಟ್ಟಿಲ ಕೆಳಗೆ ದೀಪ, ಕನ್ನಡಿ ಹಿಂದೆ ದೀಪ. ಒಂದು ಕೋಣೆಗೆ ಒಂದು ಬಲ್ಬ್ ಇದ್ದ ಕಾಲ ಹೋಯಿತು. ಮತ್ತೆ ದೊಡ್ಡ ಕಾರ್ಖಾನೆಗಳ ಮುಂದೆ ನಮ್ಮ ಉಳಿತಾಯ ಎಷ್ಟರದ್ದು?

ಬಿಸಿಲುಕಿಟಕಿ

ಕಾರ್ಖಾನೆಗಳ ಮಾತು ಒಪ್ಪುತ್ತೇನೆ. ಆದರೆ ಆ ಕಾರ್ಖಾನೆಯ ಸ್ವಿಚ್ ನಮ್ಮ ಕೈಯಲ್ಲಿಲ್ಲ, ಗೀಸರ್‌ನದು ಇದೆ. ದೀಪದ ಲೆಕ್ಕ ಮಾತ್ರ ಪೂರ್ತಿ ಒಪ್ಪಲಾರೆ. ಕೋಣೆಗೆ ನಾಲ್ಕು ಎಲ್‌ಇಡಿ ಹಾಕಿದರೂ 36 ವ್ಯಾಟ್. ಹಳೆಯ ಒಂದು ಬಲ್ಬಿಗಿಂತ ಕಡಿಮೆಯೇ ಆಯಿತಲ್ಲ.

ಅರ್ಧಚಂದ್ರ

ಕನ್ನಡಿ ಹಿಂದಿನದನ್ನೂ ಸೇರಿಸಿ ಲೆಕ್ಕ ಹಾಕಿ ಮೇಡಂ. :)

ಗೊಬ್ಬರದಕುಂಡ

ಕಸದ ವಿಷಯಕ್ಕೆ ಬರೋಣವೇ? ಶೀರ್ಷಿಕೆಯಲ್ಲಿ ಅದೂ ಇದೆ.

ಇಲ್ಲೂ ಜನ ಕಣ್ಣಿಗೆ ಕಾಣುವುದರ ಹಿಂದೆ ಬೀಳುತ್ತಾರೆ. ಪ್ಲಾಸ್ಟಿಕ್ ಸ್ಟ್ರಾ, ಚೀಲ. ಬುಟ್ಟಿಯನ್ನು ಎತ್ತಿ ನೋಡಿ, ಭಾರ ಇರುವುದು ಹಸಿ ಕಸದಲ್ಲಿ. ಅದರಲ್ಲಿ ಸಿಪ್ಪೆ, ತೊಟ್ಟು ಬಿಡಿ. ತಿನ್ನಬಹುದಾಗಿದ್ದ ಆಹಾರ ಎಷ್ಟಿದೆ ನೋಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಗಿದೆ. ಅದರಲ್ಲಿ ಶೇಕಡಾ 60 ಮನೆಗಳಿಂದ. ಹೋಟೆಲು, ಅಂಗಡಿಗಳಿಂದಲ್ಲ, ಮನೆಗಳಿಂದ!

ಎಸೆದ ಅನ್ನದ ಜೊತೆಗೆ ಅದನ್ನು ಬೆಳೆದ ನೀರು, ಸಾಗಿಸಿದ ಡೀಸೆಲ್, ತಂಪಿಟ್ಟ ಕರೆಂಟು, ಬೇಯಿಸಿದ ಗ್ಯಾಸ್ ಎಲ್ಲ ಹೋಯಿತು. ಮೇಲೆ, ಕಸದ ಗುಡ್ಡೆಯಲ್ಲಿ ಗಾಳಿ ಸಿಗದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈ ಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಹಾಗಾಗಿ ನನ್ನ ಪ್ರಕಾರ ಕ್ರಮ ಹೀಗೆ. ಮೊದಲು ಮಿಗದ ಹಾಗೆ ಅಡುಗೆ. ಆಮೇಲೆ ಮಿಕ್ಕಿದ್ದು ತಿನ್ನುವುದು. ಗೊಬ್ಬರ ಕೊನೆಗೆ. ಗೊಬ್ಬರ ಮಾಡುತ್ತೇವಲ್ಲ ಅಂತ ಧಾರಾಳವಾಗಿ ಚೆಲ್ಲುವವರನ್ನು ನೋಡಿದ್ದೇನೆ.

ಮೂರನೇಮಹಡಿ

ಗೊಬ್ಬರ ಮಾಡುವ ಆಸೆ ನನಗೂ ಇದೆ. ಮನೆಯವರಿಗೆ ವಾಸನೆಯ ಭಯ. ಬಾಲ್ಕನಿಯೂ ಚಿಕ್ಕದು.

ಗೊಬ್ಬರದಕುಂಡ

ವಾಸನೆ ಬಂದರೆ ಅದಕ್ಕೆ ಕಾರಣ ಒಂದೇ. ಒದ್ದೆ ಜಾಸ್ತಿ, ಗಾಳಿ ಕಡಿಮೆ. ಒಂದು ಹಿಡಿ ಹಸಿ ಕಸ ಹಾಕಿದರೆ ಎರಡು ಹಿಡಿ ಒಣ ಪದಾರ್ಥ ಹಾಕಿ. ತರಗೆಲೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿ, ಹರಿದ ರಟ್ಟು, ಯಾವುದಾದರೂ ಸರಿ. ಹಿಂಡಿದರೆ ಹನಿ ಬೀಳಬಾರದು, ಕೈಗೆ ತೇವ ಹತ್ತಬೇಕು, ಅದೇ ಹದ. ಡಬ್ಬದ ಪಕ್ಕದಲ್ಲೂ ತಳದಲ್ಲೂ ತೂತು ಇರಲಿ. ವಾರಕ್ಕೊಂದೆರಡು ಸಲ ಮೇಲೆ ಕೆಳಗೆ ತಿರುವಿ. ಸಿಪ್ಪೆಗಳನ್ನು ಚಿಕ್ಕದಾಗಿ ಕತ್ತರಿಸಿದರೆ ಬೇಗ ಕೊಳೆಯುತ್ತವೆ.

ಎಣ್ಣೆ, ಮಾಂಸ, ಹಾಲಿನ ಪದಾರ್ಥ ಶುರುವಿನಲ್ಲಿ ಬೇಡ. ಹುಳ ಕಂಡರೆ ಹೆದರಬೇಡಿ, ಒಣ ಎಲೆ ಇನ್ನೊಂದು ಪದರ ಹಾಕಿ ಮುಚ್ಚಿ. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಪುಡಿ ಸಿಗುತ್ತದೆ. ಚಿಕ್ಕ ಬಾಲ್ಕನಿಗೆ ಎರಡು ಡಬ್ಬ ಸಾಕು. ಒಂದು ತುಂಬುತ್ತಿರುತ್ತದೆ, ಇನ್ನೊಂದು ಮಾಗುತ್ತಿರುತ್ತದೆ.

ಸುಮ್ನೆಓದುಗ

ಬಟ್ಟೆ ಚೀಲದ ಬಗ್ಗೆಯೂ ಹೇಳಿಬಿಡಿ. ಎಲ್ಲಿ ಹೋದರೂ ಒಂದು ಚೀಲ ಉಡುಗೊರೆ ಕೊಡುತ್ತಾರೆ. ಮನೆಯಲ್ಲಿ ರಾಶಿ ಬಿದ್ದಿದೆ.

ಅರ್ಧಚಂದ್ರ

ಇದರ ಮೇಲೆ ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ವರದಿ ಕೊಟ್ಟಿತ್ತು. ಹವಾಮಾನದ ಹೊರೆ ಮಾತ್ರ ನೋಡಿದರೆ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಹತ್ತಿ ಬೆಳೆಯಲು, ನೂಲಲು ಅಷ್ಟು ಖರ್ಚಾಗುತ್ತದೆ. ರಾಶಿ ಬಿದ್ದ ಚೀಲಗಳು ಪರಿಸರಕ್ಕೆ ಉಪಕಾರ ಮಾಡುತ್ತಿಲ್ಲ.

ಗೊಬ್ಬರದಕುಂಡ

ಅದನ್ನೇ ಹಿಡಿದು "ಹಾಗಾದರೆ ಪ್ಲಾಸ್ಟಿಕ್ಕೇ ವಾಸಿ" ಅನ್ನಬೇಡಿ. ಚರಂಡಿ ಕಟ್ಟುವುದು, ದನ ತಿನ್ನುವುದು, ಸಮುದ್ರ ಸೇರುವುದು ಆ 131ರ ಲೆಕ್ಕದಲ್ಲಿ ಇಲ್ಲ. ಮನೆಯಲ್ಲಿ ಇರುವ ಚೀಲವನ್ನೇ, ಅದು ಯಾವುದಾದರೂ ಇರಲಿ, ಹರಿಯುವವರೆಗೂ ಬಳಸಿ. ಹೊಸದು ಕೊಟ್ಟರೆ ಬೇಡ ಅನ್ನಿ. ಸ್ಟೀಲ್ ಬಾಟಲಿ, ಡಬ್ಬಿಗೂ ಇದೇ ಮಾತು. ಪರಿಸರ ಉಳಿಸುವ ಸಾಮಾನು ಅಂತ ಸೆಟ್‌ಗಟ್ಟಲೆ ಕೊಳ್ಳುವ ಹುಚ್ಚು ಈಗ ಹೊಸದು.

ಹಳೇರೇಡಿಯೋ

ಒಣ ಕಸದಲ್ಲಿ ಏನೇ ಹಾಕಿದರೂ ಮರುಬಳಕೆ ಆಗುತ್ತದಾ?

ಗೊಬ್ಬರದಕುಂಡ

ಇಲ್ಲ ಸರ್. ಜಿಡ್ಡು ಹತ್ತಿದ ರಟ್ಟು, ಒಳಗೆ ಬೆಳ್ಳಿ ಬಣ್ಣದ ಪದರ ಇರುವ ತಿಂಡಿ ಪ್ಯಾಕೆಟ್ ಕಷ್ಟ. ಹೇಗೋ ಆಗಲಿ ಅಂತ ತುರುಕಿದರೆ ಜೊತೆಗಿರುವ ಒಳ್ಳೆ ಕಾಗದವೂ ಹಾಳು. ಅಲ್ಯೂಮಿನಿಯಂ ಡಬ್ಬ ಮಾತ್ರ ಒಂದೂ ಬಿಡಬೇಡಿ. ಅದಿರಿನಿಂದ ಮಾಡುವುದಕ್ಕೆ ಹೋಲಿಸಿದರೆ ಕರಗಿಸಿ ಮತ್ತೆ ಮಾಡುವಾಗ ಶೇಕಡಾ 95ರಷ್ಟು ಶಕ್ತಿ ಉಳಿಯುತ್ತದೆ.

ಬ್ಯಾಟರಿ ಬೇರೆ ಇಡಿ. ಮೊಬೈಲು, ಪವರ್‌ಬ್ಯಾಂಕಿನ ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ತುದಿಗೆ ಟೇಪ್ ಸುತ್ತಿ, ಇ-ಕಸ ತೆಗೆದುಕೊಳ್ಳುವಲ್ಲಿ ಕೊಡಿ. ಹಳೆಯ ಸಿಎಫ್‌ಎಲ್ ದೀಪವೂ ಅಲ್ಲಿಗೇ, ಅದರಲ್ಲಿ ಪಾದರಸ ಇರುತ್ತದೆ.

ಅಡುಗೆಮನೆಸೌಟು

ಮೂರನೇಮಹಡಿಯವರು ಕೇಳಿದ ಇನ್ನೊಂದು ಪ್ರಶ್ನೆ ಎಲ್ಲರೂ ಮರೆತರು. ಮನೆಯವರಿಗೆ ಕೂಗುವುದು.

ಕೂಗಿದರೆ ಯಾರೂ ಬದಲಾಗುವುದಿಲ್ಲ. ವ್ಯವಸ್ಥೆ ಬದಲಾಯಿಸಿ. ಟಿವಿ, ಬಾಕ್ಸ್, ಸ್ಪೀಕರ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಅದರ ಸ್ವಿಚ್ ಕೈಗೆಟಕುವಲ್ಲಿ ಇಡಿ. ರಾತ್ರಿ ಕೊನೆಗೆ ಮಲಗುವವರು ಒಂದು ಸಲ ಒತ್ತಿದರೆ ಆಯಿತು. ರೌಟರ್ ಮಾತ್ರ ಅದಕ್ಕೆ ಸೇರಿಸಬೇಡಿ, ಮಾರನೇ ದಿನವೇ ಬೋರ್ಡ್ ಕಿತ್ತುಹಾಕುತ್ತಾರೆ.

ಫ್ರಿಜ್‌ನಲ್ಲಿ ಕಣ್ಣಿನ ಮಟ್ಟದ ಒಂದು ತಟ್ಟೆಯನ್ನು "ಮೊದಲು ಇದನ್ನು ತಿನ್ನಿ" ಅಂತ ಬಿಡಿ. ಮಿಕ್ಕಿದ್ದೆಲ್ಲ ಅಲ್ಲೇ, ಗಾಜಿನ ಡಬ್ಬದಲ್ಲಿ. ಒಳಗೇನಿದೆ ಅಂತ ಕಾಣಬೇಕು. ಸ್ಟೀಲ್ ಡಬ್ಬದಲ್ಲಿ ಹಿಂದೆ ತಳ್ಳಿದ್ದು ಬೂಸ್ಟು ಬಂದ ಮೇಲೇ ಸಿಗುವುದು. ವಾರಕ್ಕೊಂದು ಹೊತ್ತು ಹೊಸ ಅಡುಗೆ ಬೇಡ, ಇದ್ದುದನ್ನೇ ಮುಗಿಸುವುದು. ನಮ್ಮ ಮನೆಯಲ್ಲಿ ಶುರುವಿಗೆ ಗೊಣಗಿದರು, ಈಗ ಯಾರ ಬುತ್ತಿಗೆ ಏನು ಅಂತ ಅವರೇ ಆರಿಸಿಕೊಳ್ಳುತ್ತಾರೆ.

ಪೊಟ್ಟಣದ ಮೇಲಿನ ದಿನಾಂಕವನ್ನೂ ಓದಿ. "ಈ ದಿನದೊಳಗೆ ಉತ್ತಮ" ಅಂದರೆ ರುಚಿ, ಗರಿಗರಿ ಅಲ್ಲಿಯವರೆಗೆ ಅಂತ. ಮಾರನೇ ದಿನ ವಿಷ ಆಗುವುದಿಲ್ಲ. "ಈ ದಿನದೊಳಗೆ ಬಳಸಿ" ಅಂತಿದ್ದರೆ ಮಾತ್ರ ಪಾಲಿಸಲೇಬೇಕು.

ಬಿಸಿಲುಕಿಟಕಿ

ನೀರು ಸೋರುವುದೂ ಸೇರಿಸಿ. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯಿಂದ ದಿನಕ್ಕೆ 20 ಲೀಟರ್ ಆಸುಪಾಸು ಹೋಗುತ್ತದೆ. ಬಿಸಿನೀರಿನ ನಲ್ಲಿಯಾದರೆ ಕರೆಂಟೂ ಹೋಯಿತು. ಫ್ಲಷ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತದೆ. ಟ್ಯಾಂಕಿಗೆ ಅಡುಗೆ ಬಣ್ಣ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡಿ. ಫ್ಲಷ್ ಮಾಡದೆಯೂ ಕೆಳಗೆ ಬಣ್ಣ ಕಂಡರೆ ವಾಲ್ವ್ ಹೋಗಿದೆ.

ಮೂರನೇಮಹಡಿ

ಎಲ್ಲರಿಗೂ ಧನ್ಯವಾದ. ಚಾರ್ಜರ್ ಜಗಳ ಇಂದಿಗೆ ಬಂದ್. ಫ್ರಿಜ್ ರಬ್ಬರ್, ಎಕ್ಸ್‌ಟೆನ್ಶನ್ ಬೋರ್ಡ್, ಆ ಗಾಜಿನ ಡಬ್ಬದ ತಟ್ಟೆ, ಇವು ಈ ವಾರ. ಗೀಸರ್ ಬಗ್ಗೆ ಮಾತ್ರ ಒಂದು ಅನುಮಾನ ಉಳಿದಿದೆ. ಇಡೀ ದಿನ ಆನ್ ಇಟ್ಟರೇ ಕಡಿಮೆ ಖರ್ಚು, ಪದೇ ಪದೇ ತಣ್ಣೀರಿನಿಂದ ಕಾಯಿಸಿದರೆ ಜಾಸ್ತಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮತ್ತೆ ಥರ್ಮೋಸ್ಟಾಟ್ ಎಷ್ಟಕ್ಕಿಡಲಿ? 45 ಸಾಕಾ?

ತಂತಿಕಾಯಕ

ಪಕ್ಕದ ಮನೆಯವರ ಲೆಕ್ಕ ತಿರುಗುಮುರುಗು. ಟ್ಯಾಂಕಿನ ನೀರು ಎಷ್ಟು ಬಿಸಿಯಿದೆಯೋ ಅಷ್ಟು ಶಾಖ ಹೊರಗೆ ಸೋರುತ್ತದೆ. ಇಡೀ ದಿನ ಬಿಸಿ ಇಟ್ಟರೆ ಇಡೀ ದಿನ ಸೋರಿಕೆ. ಆರಿಸಿದರೆ ತಣ್ಣಗಾದಷ್ಟೂ ಸೋರಿಕೆ ಇಳಿಯುತ್ತದೆ. ಆದ್ದರಿಂದ ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಮುಗಿದ ಮೇಲೆ ಆರಿಸಿ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಇನ್ನೂ ಒಳ್ಳೆಯದು. ಮರೆಯುವ ಮನೆಯಾದರೆ ಟೈಮರ್ ಹಾಕಿಸಿ, ಆದರೆ ಗೀಸರ್ ಎಳೆಯುವಷ್ಟು ಆಂಪಿಯರ್ ತಡೆಯುವ ಟೈಮರ್ ಆಗಿರಬೇಕು. ಮಾಮೂಲಿ ಚಿಕ್ಕದು ಹಾಕಿದರೆ ಸುಟ್ಟುಹೋಗುತ್ತದೆ.

45ಕ್ಕೆ ಇಟ್ಟು ದಿನಗಟ್ಟಲೆ ನೀರು ನಿಲ್ಲಿಸಬೇಡಿ. 20ರಿಂದ 45 ಡಿಗ್ರಿಯ ನಡುವೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ತುಂಬಿಡುವ ಗೀಸರ್ 60ಕ್ಕೆ ಕಾಯಲಿ, ಉಳಿತಾಯವನ್ನು ಆನ್ ಇಡುವ ಹೊತ್ತಿನಲ್ಲಿ ಮಾಡಿ. ಊರಿಗೆ ಹೋಗಿ ಬಂದ ಮೇಲೆ ಒಮ್ಮೆ ಪೂರ್ತಿ ಕಾಯಿಸಿಯೇ ಬಳಸಿ. 60 ಡಿಗ್ರಿಯ ನೀರು ನೇರ ಬಿದ್ದರೆ ಚರ್ಮ ಸುಡುತ್ತದೆ. ಮಕ್ಕಳಿದ್ದರೆ ಮೊದಲು ತಣ್ಣೀರಿನ ನಲ್ಲಿ ಬಿಟ್ಟು ಆಮೇಲೆ ಬಿಸಿ ಸೇರಿಸಿ. ನಿಮ್ಮದು ನೀರು ತುಂಬಿಡದ, ಆಗಲೇ ಕಾಯಿಸಿ ಕೊಡುವ ಗೀಸರ್ ಆದರೆ ನಿಂತ ನೀರಿನ ಈ ಮಾತು ಅನ್ವಯಿಸುವುದಿಲ್ಲ, ಸುಡದ ಹಾಗೆ ಎಚ್ಚರ ಮಾತ್ರ ಇರಲಿ. ಯಾವುದು ಅಂತ ಮಾಡೆಲ್ ಹೇಳಿ, ನೋಡೋಣ.